ಹೆಗಲಿಗೇರದ ತಡಿಕೆ

ದಕ್ಷಿಣ ಇಂಗ್ಲೆಂಡಿನ ಹಳೆಯ ಕುರಿತಡಿಕೆಗಳ ನಡುಮಧ್ಯೆ ಒಂದು ಕಿಂಡಿ ಇರುತ್ತಿತ್ತು. ಹೆಣಿಗೆ ತಪ್ಪಿ ಆದದ್ದಲ್ಲ, ಹೆಣೆಯುವವನು ಬೇಕೆಂದೇ ಬಿಟ್ಟದ್ದು. ಅದನ್ನು ‘ಟ್ವಿಲಿ ಹೋಲ್’ ಎನ್ನುತ್ತಿದ್ದರು. ಕುರಿಗಾಹಿ ಕೆಲವು ತಡಿಕೆಗಳನ್ನು ಒಂದಕ್ಕೊಂದು ಒರಗಿಸಿ, ಆ ಕಿಂಡಿಗಳಲ್ಲಿ ಒಂದು ಗೂಟ ತೂರಿಸಿ, ಅಷ್ಟನ್ನೂ ಬೆನ್ನ ಮೇಲೆ ಹೊತ್ತು ಮುಂದಿನ ಹೊಲಕ್ಕೆ ಹೋಗುತ್ತಿದ್ದ. ಈಗ ಅದೇ ಬಗೆಯ ತಡಿಕೆಗಳು ಮನೆಯ ಕೈತೋಟದ ಅಲಂಕಾರಕ್ಕೆಂದು ಮಾರಾಟವಾಗುತ್ತವೆ. ಗುಲಾಬಿ ಪಾತಿಯ ಹಿಂದೆ ನಿಲ್ಲಿಸಲು, ತರಕಾರಿ ಮಡಿಗೆ ಅಂಚು ಕಟ್ಟಲು, ಕಸದ ಡಬ್ಬಿಗಳನ್ನು ಮರೆಮಾಡಲು. ಹೀಗೆ ತೋಟಕ್ಕೆಂದೇ ಹೆಣೆದ ಎಷ್ಟೋ ತಡಿಕೆಗಳಲ್ಲಿ ಆ ಕಿಂಡಿ ಇಲ್ಲ. ಹೊರುವವರೇ ಇಲ್ಲದ ಮೇಲೆ ಕಿಂಡಿಗೇನು ಕೆಲಸ?

ಈ ಕಿಂಡಿ ಮುಚ್ಚಿಹೋದದ್ದರಲ್ಲಿ ನನಗೊಂದು ಪ್ರಶ್ನೆ ಕಾಣುತ್ತದೆ. ದುಡಿಮೆಯ ಸಾಧನವೊಂದರಿಂದ ದುಡಿಮೆಯನ್ನು ಕಳೆದು, ಅದರ ಚೆಲುವನ್ನಷ್ಟೇ ಇಟ್ಟುಕೊಳ್ಳುವುದು ಸರಿಯೇ? ಇನ್ನೊಬ್ಬರ ಬಡತನದಿಂದ ಹುಟ್ಟಿದ ಆಕಾರವನ್ನು ನಮ್ಮ ಬಿಡುವಿನ ಸಂಜೆಗೆ ಒಡವೆ ಮಾಡಿಕೊಳ್ಳುವುದು ಒಂದು ಬಗೆಯ ಕಳವೇ, ಅಥವಾ ಅಳಿದುಹೋಗಬಹುದಾದ ಒಂದು ಕಸುಬಿಗೆ ಉಳಿದಿರುವ ಏಕೈಕ ದಾರಿಯೇ? ನಾನು ಸಂಶೋಧನೆಗೆಂದು ಬಂದು ನೆಲೆಸಿರುವುದು ಇಂಗ್ಲೆಂಡಿನ ನೈಋತ್ಯ ಭಾಗದ ಒಂದು ಸಣ್ಣ ಪಟ್ಟಣದಲ್ಲಿ. ಬಾಡಿಗೆ ಕೋಣೆಯ ಕಿಟಕಿಯ ಕೆಳಗೆ ಮನೆಯೊಡತಿಯ ಹಿತ್ತಿಲು, ಹಿತ್ತಿಲಲ್ಲಿ ವಿಲ್ಲೋ ಕಡ್ಡಿಗಳಿಂದ ಹೆಣೆದ ಬೇಲಿ. ನನ್ನ ಪ್ರಬಂಧದ ವಿಷಯಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬರೆಯಲು ಕೂತರೆ ಕಣ್ಣಿಗೆ ಬೀಳುವುದು ಮಾತ್ರ ಇದೇ.

ವಿಲ್ಲೋ ಎಂದರೆ ನಮಗೆ ತಟ್ಟನೆ ನೆನಪಾಗುವುದು ಕ್ರಿಕೆಟ್ ಬ್ಯಾಟು. ಬ್ಯಾಟಿಗೆ ಬೇಕಾದದ್ದು ಎತ್ತರಕ್ಕೆ ಬೆಳೆದ ಮರದ ದಿಮ್ಮಿ. ಬುಟ್ಟಿಗೂ ಬೇಲಿಗೂ ಬೇಕಾದದ್ದು ಆ ಬಳಗದ್ದೇ ಆದ ಬೇರೆ ತಳಿಗಳ ಒಂದು ವರ್ಷದ ಚಿಗುರು. ಸಾಮರ್‌ಸೆಟ್ ಪ್ರಾಂತ್ಯದ ತಗ್ಗಿನ ಜೌಗು ನೆಲದಲ್ಲಿ ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಬೊಡ್ಡೆಯವರೆಗೂ ಕೊಯ್ದುಬಿಡುತ್ತಾರೆ. ವಸಂತದಲ್ಲಿ ಬೊಡ್ಡೆ ಮತ್ತೆ ಒಡೆದು, ಮುಂದಿನ ಚಳಿಗಾಲದ ಹೊತ್ತಿಗೆ ಆಳೆತ್ತರ ಮೀರಿದ ನೀಳ ಕಡ್ಡಿಗಳು ಸಿದ್ಧ. ಕೊಯ್ದಷ್ಟೂ ಕೊಡುತ್ತದೆ, ಒಂದೇ ನೆಡುತೋಪು 20-30 ವರ್ಷ ಫಲ ಕೊಡುವುದುಂಟು. ಸಿಪ್ಪೆ ಸಮೇತ ಒಣಗಿಸಿದರೆ ಕಂದು ಕಡ್ಡಿ. ಗಂಟೆಗಟ್ಟಲೆ ಕುದಿಸಿ ಸಿಪ್ಪೆ ಸುಲಿದರೆ ತೊಗಟೆಯ ಒಗರು ಒಳಗಿಳಿದು ಜೇನಿನಂಥ ಬಣ್ಣ. ಒಣಗಿದ್ದನ್ನು ಹೆಣೆಯಬೇಕಾದರೆ ಮತ್ತೆ ನೀರಲ್ಲಿ ನೆನೆಹಾಕಬೇಕು. ಇಲ್ಲದಿದ್ದರೆ ಬಾಗಿಸಿದಲ್ಲಿ ಲಟಕ್ಕೆಂದು ಮುರಿಯುತ್ತದೆ.

ಹೇಜಲ್ ಎಂಬ ಗಿಡ ಸಮೃದ್ಧವಾಗಿರುವ ಸುಣ್ಣದಕಲ್ಲಿನ ಗುಡ್ಡಗಾಡಿನಲ್ಲಿ ತಡಿಕೆ ಹೆಣೆದದ್ದು ಹೆಚ್ಚಾಗಿ ಹೇಜಲ್‌ನಲ್ಲೇ. ಜೌಗಿನವರಿಗೆ ಸಿಕ್ಕದ್ದು ವಿಲ್ಲೋ. ಹೇಜಲ್ ತಡಿಕೆಯ ರೀತಿ ಹೀಗೆ: ತುಸು ಬಾಗಿದ ಒಂದು ದಿಮ್ಮಿಯಲ್ಲಿ ಸಾಮಾನ್ಯವಾಗಿ 10 ರಂಧ್ರ, ಅದರಲ್ಲಿ ನಿಲ್ಲಿಸಿದ 10 ಗೂಟ, ಗೂಟಗಳ ನಡುವೆ ಒಳಹೊರಗೆ ಹಾಯುವ ಕಡ್ಡಿ. ಕೊನೆಯ ಗೂಟದ ಬಳಿ ಕಡ್ಡಿಯನ್ನು ಸುಮ್ಮನೆ ಬಗ್ಗಿಸುವುದಿಲ್ಲ. ಹಗ್ಗದಂತೆ ಹೊಸೆದು ತಿರುಗಿಸುತ್ತಾರೆ. ನಾರು ಬಿಚ್ಚಿಕೊಳ್ಳುತ್ತದೆ, ಮುರಿಯುವುದಿಲ್ಲ. ಬಾಗಿದ ದಿಮ್ಮಿಯ ಮೇಲೆ ಹೆಣೆದದ್ದನ್ನು ಆಮೇಲೆ ಸಮನಾಗಿ ಪೇರಿಸಿಟ್ಟಾಗ, ಚಪ್ಪಟೆಯಾಗುತ್ತ ಹೆಣಿಗೆ ಇನ್ನಷ್ಟು ಬಿಗಿಯುತ್ತದೆ. ನಾವು ನೋಡಿ ‘ಎಷ್ಟು ಚೆಂದ’ ಎನ್ನುವ ಪ್ರತಿಯೊಂದು ತಿರುವೂ ಮೊದಲು ಮುರಿಯದಿರಲೆಂದು ಕಂಡುಕೊಂಡ ಉಪಾಯ.

‘ತಡಿಕೆ’ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ವಾಟಲ್ ಹರ್ಡಲ್’ ಎಂದು ಕರೆಯುವುದಕ್ಕೆ ನಮ್ಮಲ್ಲಿ ಆಗಲೇ ಸಿದ್ಧವಾಗಿರುವ ಮಾತು ಅದು. ನಮ್ಮದು ಬಿದಿರಿನದು, ಮೇದರ ಕೈಯದ್ದು. ಅಜ್ಜಿಯ ಮನೆಯ ಬಚ್ಚಲಿಗೆ ಬಹಳ ವರ್ಷ ಇದ್ದದ್ದು ತಡಿಕೆಯ ಮರೆಯೇ. ಅಪ್ಪನ ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡತೊಡಗಿದಾಗ ಮೊದಲು ಕಿತ್ತು ಒಲೆಗೆ ಹಾಕಿದ್ದು ಅದನ್ನು. ಅಲ್ಲೊಂದು ಇಟ್ಟಿಗೆಯ ಗೋಡೆ ಎದ್ದಿತು, ಮನೆಮಂದಿಗೆಲ್ಲ ಅದೊಂದು ಹಬ್ಬ. ಈಗ ಇಲ್ಲಿನ ಬೇಲಿಯ ಫೋಟೋ ತೆಗೆದು ಅಮ್ಮನಿಗೆ ಕಳಿಸಿದರೆ ಬಂದ ಉತ್ತರ: “ಪಾಪ, ಒಂದು ಗೋಡೆ ಕಟ್ಟಿಸ್ಕೊಳ್ಳೋಕೂ ಆಗಲಿಲ್ವೇನೋ ಆ ಯಮ್ಮಂಗೆ?”

ನಕ್ಕೆ. ಆದರೆ ಅಮ್ಮನ ಮಾತಿನಲ್ಲಿ ನನ್ನ ಪ್ರಶ್ನೆ ಪೂರ್ತಿಯಾಗಿ ಇತ್ತು. ತಡಿಕೆಯ ಚೆಲುವು ಕಾಣಬೇಕಾದರೆ ಮೊದಲು ತಡಿಕೆಯ ಅಗತ್ಯದಿಂದ ಪಾರಾಗಿರಬೇಕು. ಅದರ ಹಿಂದೆ ಸ್ನಾನ ಮಾಡಿದವರಿಗೆ ಅದು ಸಂದಿಯಲ್ಲಿ ನುಗ್ಗುವ ಗಾಳಿ, ಸಂದಿಯಲ್ಲಿ ನುಗ್ಗಬಹುದಾದ ಕಣ್ಣು. ಮಲೆನಾಡಿನ ಹೋಂಸ್ಟೇಗಳಲ್ಲಿ ಈಗ ಬಿದಿರಿನ ತಡಿಕೆಯ ಗೋಡೆಗೆ ಹಳದಿ ದೀಪ ಬಿಟ್ಟು ಫೋಟೋ ತೆಗೆಸಿಕೊಳ್ಳುವವರಲ್ಲಿ ಹಾಗೆ ಸ್ನಾನ ಮಾಡಿದವರು ಎಷ್ಟು ಮಂದಿ ಇದ್ದಾರು?

ಈ ಇಕ್ಕಟ್ಟನ್ನು ಬದುಕಿನುದ್ದಕ್ಕೂ ಹೊತ್ತ ಒಬ್ಬ ಮನುಷ್ಯನಿದ್ದಾನೆ. ವಿಲಿಯಂ ಮಾರಿಸ್ (1834-1896), ಕವಿ, ವಿನ್ಯಾಸಗಾರ. 1860ರಲ್ಲಿ ಲಂಡನ್ನಿನ ಹೊರವಲಯದ ಬೆಕ್ಸ್‌ಲಿ ಹೀತ್‌ನಲ್ಲಿ, ಗೆಳೆಯ ಫಿಲಿಪ್ ವೆಬ್ ಕಟ್ಟಿಕೊಟ್ಟ ‘ರೆಡ್ ಹೌಸ್’ಗೆ ಹೊಸ ಮದುಮಗನಾಗಿ ಬಂದ. ಮನೆಯೆದುರು ನಾಲ್ಕು ಪುಟ್ಟ ಚೌಕ ತೋಟಗಳು, ಪ್ರತಿಯೊಂದರ ಸುತ್ತಲೂ ಹೆಣೆದ ಕಡ್ಡಿಯ ಬೇಲಿ, ಬೇಲಿಯ ತುಂಬ ಗುಲಾಬಿ. ಅಲ್ಲಿಗೆ ಬಂದುಹೋಗುತ್ತಿದ್ದ ಜಾರ್ಜಿಯಾನಾ ಬರ್ನ್-ಜೋನ್ಸ್ ಇದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮಧ್ಯಯುಗದ ಹಸ್ತಪ್ರತಿಗಳ ಚಿತ್ರಗಳಲ್ಲಿ ಕಾಣುವಂಥ ತೋಟ. ಕಾರ್ಖಾನೆಯ ಯುಗದ ಹೊಗೆಯ ನಡುವೆ ಕುಶಲಕರ್ಮಿಯ ಕಾಲವೊಂದನ್ನು ಮರಳಿ ನೆಡುವ ಆಸೆ. ಮಾರಿಸ್ 1862ರಲ್ಲಿ ರಚಿಸಿದ ಮೊದಲ ಗೋಡೆಕಾಗದದ ವಿನ್ಯಾಸ ‘ಟ್ರೆಲಿಸ್’ ಹುಟ್ಟಿದ್ದೂ ಈ ತೋಟದಿಂದಲೇ: ಹಂದರಕ್ಕೆ ಹಬ್ಬಿದ ಗುಲಾಬಿ, ನಡುವೆ ವೆಬ್ ಬರೆದ ಹಕ್ಕಿಗಳು. ಬೇಲಿ ತೋಟದಿಂದ ಗೋಡೆಗೆ ಹತ್ತಿತು. ಅಲಂಕಾರದ ಅಲಂಕಾರ.

ಇದಕ್ಕೆಲ್ಲ ಬೇಕಾದ ಹಣ ಎಲ್ಲಿಂದ ಬಂತು? ತಂದೆ ಬಿಟ್ಟುಹೋದ ಷೇರುಗಳಿಂದ. ಅವು ಡೆವನ್ ಗ್ರೇಟ್ ಕನ್ಸಾಲ್ಸ್ ಎಂಬ ತಾಮ್ರದ ಗಣಿಯವು. ಆ ಗಣಿ ಮುಂದೆ ಆರ್ಸೆನಿಕ್ ತೆಗೆಯುವುದಕ್ಕೂ ಹೆಸರಾಯಿತು. ಆ ಕಾಲದ ಹಸಿರು ಬಣ್ಣಗಳಲ್ಲಿ ತಾಮ್ರವೂ ಆರ್ಸೆನಿಕ್ಕೂ ಬೆರೆಯುತ್ತಿದ್ದವು. ಮಾರಿಸ್‌ನ ಆರಂಭದ ಕಾಗದವೊಂದರ ಹಸಿರಿನಲ್ಲಿ ಅದೇ ವಿಷ ಇರುವುದನ್ನು ವಿಜ್ಞಾನಿಗಳು 2003ರಲ್ಲಿ ತೋರಿಸಿಕೊಟ್ಟರು. ಇದನ್ನು ಹೇಳಿ ಅವನನ್ನು ಕೆಳಗಿಳಿಸುವುದು ಸುಲಭ. ನನಗೆ ಅದು ಇಷ್ಟವಿಲ್ಲ. ಯಾಕೆಂದರೆ ಈ ಅಂತರವನ್ನು ಅವನು ಮುಚ್ಚಿಡಲಿಲ್ಲ. ಹಣವಂತರ ಮನೆ ಸಿಂಗರಿಸುತ್ತ ಬದುಕುವುದು ಅವನಿಗೇ ಅಸಹ್ಯವಾಗತೊಡಗಿತು. 1883ರಲ್ಲಿ ಸಮಾಜವಾದಿಗಳ ಸಂಘ ಸೇರಿದ, ಬೀದಿಯಲ್ಲಿ ನಿಂತು ಭಾಷಣ ಮಾಡಿದ. ಆದರೂ ಅಂಗಡಿ ಮುಚ್ಚಲಿಲ್ಲ. ವಿಲ್ಲೋ ಎಲೆಗಳ ಅವನ ಪ್ರಸಿದ್ಧ ಕಾಗದ ಬಂದದ್ದು 1887ರಲ್ಲಿ, ಸಮಾಜವಾದಿಯಾದ ನಾಲ್ಕು ವರ್ಷದ ಮೇಲೆ. ಚೆಲುವು ಉಳ್ಳವರ ಸ್ವತ್ತಾಗಿರುವುದು ತಪ್ಪು, ಅದಕ್ಕೆ ಮದ್ದು ಚೆಲುವನ್ನೇ ಬಿಡುವುದಲ್ಲ ಎಂದು ಅವನು ನಂಬಿದ್ದ. ಈ ನಂಬಿಕೆ ಪೂರ್ತಿ ಸಮಾಧಾನ ಕೊಡುವುದಿಲ್ಲ, ನಿಜ. ಅವನಿಗೂ ಕೊಟ್ಟಂತಿಲ್ಲ.

ಮಾರಿಸ್‌ನಿಂದ ನಾನು ಪಡೆಯುವುದು ಒಂದು ಒರೆಗಲ್ಲು: ಆ ವಸ್ತುವನ್ನು ಮಾಡಿದ ಕೈಗೆ ಮಾಡುವಾಗ ಏನು ಸಿಕ್ಕಿತು? ಈ ದೃಷ್ಟಿಯಿಂದ ನೋಡಿದರೆ ಕೈತೋಟದ ತಡಿಕೆಯ ಕಥೆ ಅಷ್ಟು ಕೆಟ್ಟದ್ದಲ್ಲ. ಪ್ಲಾಸ್ಟಿಕ್ ಬಂದ ಮೇಲೆ ಬುಟ್ಟಿಗಳ ಬೇಡಿಕೆ ಕುಸಿದು ಸಾಮರ್‌ಸೆಟ್‌ನ ವಿಲ್ಲೋ ತೋಪುಗಳು ಒಂದೊಂದಾಗಿ ಹೋದವು. ಉಳಿದವರು ಉಳಿದದ್ದು ತೋಟದ ಬೇಲಿ, ಚಿತ್ರಕಾರರ ಇದ್ದಿಲು, ಹೆಣೆದ ಶವಪೆಟ್ಟಿಗೆ, ಇಂಥವನ್ನು ಕೊಳ್ಳುವವರಿಂದ. ಅಗತ್ಯ ಕೈಬಿಟ್ಟ ಕಸುಬನ್ನು ಅಲಂಕಾರ ಹಿಡಿದುಕೊಂಡಿದೆ. ನಾಳೆ ಯಾರಾದರೂ ‘ಇದು ಬರೀ ಶೋಕಿ’ ಎಂದು ಬೇಲಿ ಕೊಳ್ಳುವುದನ್ನು ಬಿಟ್ಟರೆ ನೈತಿಕವಾಗಿ ಗೆಲ್ಲುವುದು ಅವರ ಮನಸ್ಸು ಮಾತ್ರ. ಹೆಣೆಯುವವನು ಕೆಲಸ ಕಳೆದುಕೊಳ್ಳುತ್ತಾನೆ.

ತೊಂದರೆ ಶುರುವಾಗುವುದು ಬೇರೆ ಕಡೆ. ತೋಟದ ಬೇಲಿ ಹೆಚ್ಚೆಂದರೆ 5ರಿಂದ 10 ವರ್ಷ ಬಾಳುತ್ತದೆ. ಮೊದಲ ಮಳೆಗಾಲಕ್ಕೇ ಬಣ್ಣ ಬೂದಿಯಾಗುತ್ತದೆ, ಆಮೇಲೆ ನೆಲಕ್ಕೆ ತಾಗುವ ಕಡ್ಡಿ ಕೊಳೆಯುತ್ತದೆ, ಗಾಳಿಗೆ ಒಂದು ಮೂಲೆ ವಾಲುತ್ತದೆ. ಗರಗಸದ ಯಂತ್ರದಿಂದ ಬಂದ ಹಲಗೆಯ ಬೇಲಿಗಿಂತ ಇದು ದುಬಾರಿ ಬೇರೆ. ಹಾಗಾಗಿ ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಸರಕು: ವಿಲ್ಲೋ ಹೆಣಿಗೆಯನ್ನೇ ಹೋಲುವ ಪ್ಲಾಸ್ಟಿಕ್ಕಿನ ಸುರುಳಿ. ಬಿಚ್ಚು, ಕಟ್ಟು, ಮರೆತುಬಿಡು. ನನ್ನ ದೂರು ಅದು ನಕಲಿ ಎಂಬುದಲ್ಲ. ಅದು ಹಳ್ಳಿಯ ಕೈಯ ಗುರುತನ್ನಷ್ಟೇ ಬೇಡುತ್ತದೆ, ಆ ಕೈಗೆ ಮತ್ತೊಮ್ಮೆ ಕೆಲಸ ಕೊಡುವ ಹೊಣೆ ಬೇಡವೆನ್ನುತ್ತದೆ. ಕುರಿಗಾಹಿಗೆ ತಡಿಕೆ ಸವೆಯುವುದು ಗೊತ್ತಿತ್ತು. ಹೆಣೆಯುವವನ ಜೊತೆ ಅವನ ಲೆಕ್ಕ ಮುಗಿಯುವಂಥದ್ದಾಗಿರಲಿಲ್ಲ. ಮೇದರ ಬೀದಿಗೂ ನಮ್ಮ ಹಳ್ಳಿಗಳಿಗೂ ಇದ್ದ ಲೆಕ್ಕ ಅದೇ ಥರದ್ದು. ಮೊರ ಹಳತಾಗುತ್ತದೆ, ಮತ್ತೆ ಅವರ ಬಾಗಿಲಿಗೆ ಹೋಗಬೇಕು. ಆ ಲೆಕ್ಕದಲ್ಲಿ ಜಾತಿಯ ಕಹಿಯೂ ಇತ್ತು, ಅದನ್ನು ಮರೆತು ಹಳೆಯದನ್ನು ಹಾಡಿ ಹೊಗಳುವುದು ನನಗೆ ಬೇಕಿಲ್ಲ. ಆದರೂ ಕೊಳೆಯುವ ವಸ್ತುವನ್ನು ಕೊಳ್ಳುವವನು ಮನುಷ್ಯನೊಬ್ಬನಿಗೆ ಮತ್ತೆ ಬರುತ್ತೇನೆಂದು ಮಾತು ಕೊಟ್ಟಂತೆ.

ಮನೆಯೊಡತಿ ನಿವೃತ್ತ ಶಿಕ್ಷಕಿ, ಮಾತು ಕಡಿಮೆ. ಬೇಲಿಗೆ ಎಣ್ಣೆಯೋ ವಾರ್ನಿಶ್ಶೋ ಬಳಿದರೆ ಇನ್ನಷ್ಟು ಕಾಲ ಬಾಳುತ್ತದಲ್ಲವೇ ಎಂದು ಒಮ್ಮೆ ಕೇಳಿದೆ. “ಬಾಳುತ್ತೆ. ಆದರೆ ಹೆಣೆದವನು ನನಗಿಂತ ಚಿಕ್ಕವನು, ಅವನೂ ಬಾಳಬೇಕಲ್ಲ” ಎಂದರು.

ಇನ್ನೊಂದು ಅನುಮಾನ ಉಳಿಯುತ್ತದೆ. ಬೇಲಿ ಎಷ್ಟು ಚೆಲುವಾದರೂ ಬೇಲಿಯೇ ತಾನೆ? ರೂಸೋ 1755ರ ತನ್ನ ಪ್ರಬಂಧದಲ್ಲಿ ಅಸಮಾನತೆಯ ಕಥೆಯನ್ನು ಶುರುಮಾಡುವುದೇ ನೆಲಕ್ಕೆ ಬೇಲಿ ಹಾಕಿ ತನ್ನದೆಂದ ಮನುಷ್ಯನಿಂದ. ಅಲ್ಲಿ ನನ್ನನ್ನು ಕಾಡುವುದು ಬೇಲಿ ಹಾಕಿದವನಲ್ಲ, ಅವನನ್ನು ನಂಬಿದ ಸುತ್ತಲಿನವರು. ಮೊಣಕಾಲೆತ್ತರದ ವಿಲ್ಲೋ ಬೇಲಿಯನ್ನು ಯಾರು ಬೇಕಾದರೂ ದಾಟಬಹುದು, ಯಾರೂ ದಾಟುವುದಿಲ್ಲ. ಮುಳ್ಳುತಂತಿಯ ಮುಂದೆ ನಮಗೆ ಸಿಟ್ಟಾದರೂ ಬರುತ್ತದೆ. ಹೆಣೆದ ಬೇಲಿಯ ಮುಂದೆ ನಿಂತು ಮೆಚ್ಚುತ್ತೇವೆ, ಮೆಚ್ಚುತ್ತ ಒಪ್ಪಿಕೊಂಡಿರುತ್ತೇವೆ.

ಆದರೆ ತಡಿಕೆಯ ಹಳೆಯ ಬದುಕು ಈ ಆರೋಪಕ್ಕೆ ಪೂರ್ತಿ ಸಿಕ್ಕುವುದಿಲ್ಲ. 1750ರಿಂದ 1850ರವರೆಗೆ ಪಾರ್ಲಿಮೆಂಟಿನ ಕಾಯ್ದೆಗಳು ಇಂಗ್ಲೆಂಡಿನ ಊರೊಟ್ಟಿನ ಭೂಮಿಯನ್ನು ತುಂಡುಮಾಡಿ ಖಾಸಗಿಯಾಗಿಸಿದಾಗ ಗಡಿಗೆ ನೆಟ್ಟದ್ದು ಹೆಚ್ಚಾಗಿ ಹಾಥಾರ್ನ್ ಎಂಬ ಮುಳ್ಳುಗಿಡದ ಸಾಲು. ಅದು ಬೇರುಬಿಟ್ಟು ನಿಂತಿತು. ಕುರಿತಡಿಕೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹಗಲು ಗುಡ್ಡದಲ್ಲಿ ಮೇಯ್ದ ಕುರಿಗಳನ್ನು ರಾತ್ರಿ ಉಳುವ ಹೊಲದಲ್ಲಿ ತಡಿಕೆ ಕಟ್ಟಿ ಕೂಡುತ್ತಿದ್ದರು, ಹಿಕ್ಕೆ ಗೊಬ್ಬರವಾಗಲೆಂದು. ಮರುದಿನ ಪಕ್ಕದ ತುಂಡು ನೆಲಕ್ಕೆ. ನಮ್ಮ ಬಯಲುಸೀಮೆಯಲ್ಲಿ ಸುಗ್ಗಿಯ ನಂತರ ಹೊಲದಲ್ಲಿ ಕುರಿಮಂದೆ ನಿಲ್ಲಿಸುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅದು ನಡೆಯುವ ಬೇಲಿ. ಅದಕ್ಕೇ ಆ ಕಿಂಡಿ. ಇನ್ನೂ ಹಿಂದೆ ಹೋದರೆ ಬೇಲಿಯೂ ಅಲ್ಲ: ಸಾಮರ್‌ಸೆಟ್‌ನ ಅದೇ ಜೌಗಿನಲ್ಲಿ, ವಾಲ್ಟನ್ ಹೀತ್ ಎಂಬಲ್ಲಿ, 4000 ವರ್ಷಕ್ಕೂ ಹಿಂದೆ ಹೆಣೆದ ಹೇಜಲ್ ತಡಿಕೆಗಳು ಕೆಸರಿನ ಮೇಲೆ ಮಲಗಿಸಿದ ಸ್ಥಿತಿಯಲ್ಲಿ ಸಿಕ್ಕಿವೆ. ಜನ ಅದರ ಮೇಲೆ ನಡೆದು ದಾಟುತ್ತಿದ್ದರು.

ತೋಟದ ಅಲಂಕಾರವಾಗಿ ತಡಿಕೆ ಕಳೆದುಕೊಂಡದ್ದು ದುಡಿಮೆಯನ್ನಷ್ಟೇ ಅಲ್ಲ, ನಡಿಗೆಯನ್ನೂ. ಒಡೆತನದ ಗೆರೆಯ ಮೇಲೆ ನಿಂತುಬಿಟ್ಟಾಗ ಅದು ಹಾಥಾರ್ನ್‌ನ ಕೆಲಸ ವಹಿಸಿಕೊಂಡಿತು. ಕಿಂಡಿ ಮುಚ್ಚಿದ್ದಕ್ಕೆ ನನ್ನ ಬೇಸರ ಇದಕ್ಕೇ ಹೊರತು, ಹಳೆಯದು ಹೋಯಿತೆಂಬ ಹಳಹಳಿಕೆಗಲ್ಲ.

ಮೊನ್ನೆಯ ವಸಂತದಲ್ಲಿ ಬೇಲಿಯ ಕೆಳತುದಿಯ ಎರಡು ಗೂಟಗಳು ಚಿಗುರಿವೆ. ಚಳಿಗಾಲದಲ್ಲಿ ಹಸಿಯಾಗಿ ಕಡಿದ ವಿಲ್ಲೋವನ್ನು ಹಸಿ ನೆಲಕ್ಕೆ ಚುಚ್ಚಿದರೆ ಬೇರು ಬರುವುದು ಇಲ್ಲಿ ಎಲ್ಲರಿಗೂ ಗೊತ್ತು. ಬೇಕೆಂದೇ ಹಾಗೆ ನೆಟ್ಟು ಜೀವಂತ ಬೇಲಿ ಮಾಡುವವರೂ ಇದ್ದಾರೆ. ಆದರೆ ನೀರು ಹುಡುಕಿ ಹೋಗುವ ಅದರ ಬೇರು ಮೋರಿಯ ಕೊಳವೆಗಳ ಬಿರುಕಿನಲ್ಲಿ ನುಗ್ಗುತ್ತದೆ. ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಎರಡು ಸಲ ಈ ಬಗ್ಗೆ ವಿಚಾರಿಸಿದ್ದಾರೆ. ಮನೆಯೊಡತಿ ಕತ್ತರಿ ತಂದು ಹೊರಗಿನ ಮೇಜಿನ ಮೇಲೆ ಇಟ್ಟಿದ್ದಾರೆ. ಎಲೆ ಈಗ ಬೆರಳುದ್ದ ಆಗಿದೆ.