ಮಾಡದ ಸಾಲಕ್ಕೆ ಋಣದ ಹೆಸರು




ಯಾರಾದರೂ ಮೋಸ ಹೋಗಿ ದುಡ್ಡು ಕಳೆದುಕೊಂಡರೆ ನಮ್ಮ ಮರಳವಾಡಿ ಕಡೆ ತಟ್ಟನೆ ಬರುವ ಮಾತು ಒಂದೇ: "ಹೋಗ್ಲಿ ಬಿಡಪ್ಪ, ಹೋದ ಜನ್ಮದ ಋಣ ಇತ್ತು, ತೀರ್ತು." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ನೊಂದವರಿಗೆ ಸಮಾಧಾನವಾಗಲಿ ಎಂದೇ ಹೇಳುತ್ತಾರೆ. ಆದರೆ ಈ ಮಾತು ಧಮ್ಮಕ್ಕೆ ಒಪ್ಪುತ್ತದೆಯೇ? ಇದರಿಂದ ಲಾಭ ಯಾರಿಗೆ? ಇಂದು ಇದನ್ನೇ ಚಿಂತಿಸೋಣ.

ಈಗ ಸಣ್ಣ ಅಂಗಡಿಗಳಿಗೆ ಬರುತ್ತಿರುವ ಮೋಸವನ್ನೇ ನೋಡಿ. ದಿನಸಿ ಅಂಗಡಿ, ಹಾರ್ಡ್‌ವೇರ್, ಗೊಬ್ಬರದ ಅಂಗಡಿ, ಹೋಟೆಲು, ಯಾವುದನ್ನೂ ಬಿಟ್ಟಿಲ್ಲ. ವಾಟ್ಸಾಪಿಗೆ ಒಂದು ಬಿಲ್ ಬರುತ್ತದೆ. ಅಂಗಡಿಯ ಹೆಸರು ಸರಿ, ಜಿಎಸ್‌ಟಿ ನಂಬರೂ ಸರಿ. ಸರಿಯಾಗಿರದೆ ಏನು? ಕಾನೂನಿನ ಪ್ರಕಾರ ಆ ನಂಬರನ್ನು ಬೋರ್ಡಿನ ಮೇಲೆ ಬರೆಸಿರಲೇಬೇಕು. "ಲೈಸೆನ್ಸ್ ರಿನ್ಯೂವಲ್ ಬಾಕಿ", "ಹಳೆ ಬಿಲ್ ಬಾಕಿ, ಇವತ್ತು ಸಂಜೆಯೊಳಗೆ ಕಟ್ಟಿ" ಎಂದಿರುತ್ತದೆ. ಕಟ್ಟದಿದ್ದರೆ ಮಾರನೆಯ ದಿನ ವಕೀಲರ ಆಫೀಸು ಅಂತ ಒಂದು ಫೋನು, ಆಮೇಲೆ ಪೊಲೀಸು ಅಂತ ಇನ್ನೊಂದು. ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿಯೇ ಸಂಪರ್ಕ ಕಡಿತ ಎಂಬ ಸುಳ್ಳು ಮೆಸೇಜುಗಳು 2022ರಲ್ಲಿ ಎಷ್ಟು ಹರಿದಾಡಿದವು ಎಂಬುದು ನೆನಪಿರಬಹುದು.

2025ರ ಜುಲೈನಲ್ಲಿ ಯುಪಿಐ ಲೆಕ್ಕದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಕ್ಯೂಆರ್ ಹಾಳೆ ಕಿತ್ತು "ನಗದು ಮಾತ್ರ" ಎಂದು ಬರೆದು ಅಂಟಿಸಿದರು. ಆ ನೋಟಿಸುಗಳು ನಿಜವಾದವೇ. ಆದರೆ ಒಮ್ಮೆ ಹೆದರಿದ ಮನಸ್ಸಿಗೆ ಸುಳ್ಳು ನೋಟಿಸೂ ನಿಜದಂತೆಯೇ ಕಾಣುತ್ತದೆ.

*ಮೋಸಗಾರ ಹಿಡಿಯುವುದು ಯಾವುದನ್ನು?*

ಸಾಲ ತೀರಿಸುವ ಅಭ್ಯಾಸವೇ ಇಲ್ಲದವನಿಗೆ ಸುಳ್ಳು ಬಿಲ್ ತೋರಿಸಿದರೆ ಅವನು ನಕ್ಕು ಸುಮ್ಮನಾಗುತ್ತಾನೆ. ಹೆದರುವವನು ಮರ್ಯಾದಸ್ಥ. "ನಾನೇ ಮರೆತಿದ್ದೇನೋ ಏನೋ, ಜನ ಏನಂದುಕೊಂಡಾರು" ಎಂದು ಕೊರಗುವವನು ಅವನೇ. ತಪ್ಪು ಮಾಡಲು ನಾಚುವುದನ್ನು ಬುದ್ಧರು ಹಿರಿ ಎಂದರು, ತಪ್ಪಿನ ಫಲಕ್ಕೆ ಅಂಜುವುದನ್ನು ಒತ್ತಪ್ಪ ಎಂದರು. ಲೋಕವನ್ನು ಕಾಯುವ ಎರಡು ಗುಣಗಳಿವು. ಮೋಸಗಾರ ಕೈ ಹಾಕುವುದು ಇವಕ್ಕೇ. ಹಾಗಾಗಿ ಮೋಸ ಹೋದವರನ್ನು "ದುರಾಸೆಯವರು", "ದಡ್ಡರು" ಎಂದು ಆಡಿಕೊಳ್ಳುವ ಮುನ್ನ ಒಂದು ಕ್ಷಣ ನಿಲ್ಲೋಣ. ಅನೇಕ ಸಲ ಅವರು ಸೋತದ್ದು ತಮ್ಮ ಒಳ್ಳೆಯತನದ ಜಾಗದಲ್ಲಿ.

ಸಾಲದ ದುಃಖ ಎಂಥದ್ದೆಂದು ಬುದ್ಧರಿಗೆ ಚೆನ್ನಾಗಿ ಗೊತ್ತಿತ್ತು. ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳಿದ್ದಾರೆ: ಬಡತನ, ಸಾಲ, ಬಡ್ಡಿ, ವಸೂಲಿಯ ಒತ್ತಾಯ, ಬೆನ್ನು ಹತ್ತುವುದು, ಕೊನೆಗೆ ಸೆರೆ. ಶ್ರಾವಸ್ತಿಯ ವ್ಯಾಪಾರಿ ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುವಾಗ ಅನಣ ಸುಖ, ಅಂದರೆ ಸಾಲವಿಲ್ಲದ ಸುಖವನ್ನು ಅದರಲ್ಲಿ ಒಂದಾಗಿ ಸೇರಿಸಿದರು. ಸಾಮಞ್ಞಫಲ ಸುತ್ತದಲ್ಲಿ ಚಿತ್ತ ಹಗುರಾಗುವುದನ್ನು ಹೋಲಿಸಿದ್ದು ಸಾಲ ಮಾಡಿ ವ್ಯಾಪಾರ ಹೂಡಿ, ಗೆದ್ದು, ಎಲ್ಲವನ್ನೂ ತೀರಿಸಿದವನ ಸಂತೋಷಕ್ಕೆ.

ಈ ಮೋಸದಲ್ಲಿ ಸಾಲವೇ ಇರುವುದಿಲ್ಲ, ಸಾಲದ ದುಃಖ ಮಾತ್ರ ಇರುತ್ತದೆ. ಹೋಗುವುದು ಹಣವೊಂದೇ ಅಲ್ಲ, ದುಡಿದು ಸಂಪಾದಿಸಿದ ಅನಣ ಸುಖವೂ ಹೋಗುತ್ತದೆ.

*ತಾನೇ ಕಳಿಸಿದ ಹಣ ಕಳುವೇ?*

"ಪಿನ್ ಒತ್ತಿದ್ದು ಅವನೇ, ಕೊಟ್ಟಿದ್ದು ಅವನೇ, ಕಳ್ಳತನ ಹೇಗಾಯಿತು?" ಎಂದು ಕೇಳುವವರಿದ್ದಾರೆ. ಎರಡನೆಯ ಶೀಲ ಹೇಳುವುದು ಕೊಡದಿದ್ದನ್ನು ತೆಗೆದುಕೊಳ್ಳಬಾರದು ಎಂದು. ಹಾಗಾದರೆ ಕೊಡುವುದು ಅಂದರೇನು? ಬುದ್ಧರ ಪ್ರಕಾರ ಕರ್ಮದ ಬೇರು ಚೇತನೆಯಲ್ಲಿದೆ. ಬೆರಳು ಒತ್ತಿದ ಮಾತ್ರಕ್ಕೆ ಕೊಟ್ಟಂತಾಗುವುದಿಲ್ಲ. ಸುಳ್ಳು ತಿಳಿವಳಿಕೆ ಕೊಟ್ಟು, ಹೆದರಿಸಿ ಪಡೆದದ್ದರಲ್ಲಿ ಕೊಡುವ ಚೇತನೆ ಎಲ್ಲಿದೆ? ಅದು ಅದಿನ್ನಾದಾನವೇ. ಮಹಾಚತ್ತಾರೀಸಕ ಸುತ್ತದಲ್ಲಿ ಮಿಥ್ಯಾ ಆಜೀವವನ್ನು ವಿವರಿಸುವಾಗ ಬುದ್ಧರು ವಂಚನೆ, ಬಣ್ಣದ ಮಾತು, ಹೀಯಾಳಿಸಿ ಒತ್ತಡ ಹೇರುವುದು, ಲಾಭ ತೋರಿಸಿ ಲಾಭ ಹೊಡೆಯುವುದನ್ನು ಎಣಿಸಿದ್ದಾರೆ. ಇಂದಿನ ಸುಳ್ಳು ವಸೂಲಿಯವರ ಕಸುಬನ್ನು ಎದುರಿಗೆ ನೋಡಿ ಪಟ್ಟಿ ಮಾಡಿದ ಹಾಗಿದೆ.

*ಹೋದ ಜನ್ಮದ ಮಾತು*

ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಇದೇ ಪ್ರಶ್ನೆ ಕೇಳುತ್ತಾನೆ. ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ ಎಂದು. ಬುದ್ಧರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾವಣೆ, ಸ್ವಂತ ಅಜಾಗರೂಕತೆ, ಹೊರಗಿನ ಆಘಾತ, ಕರ್ಮಫಲ ಎಂದು ಎಂಟು ಕಾರಣ ಹೇಳುತ್ತಾರೆ. ಕರ್ಮ ಎಂಟರಲ್ಲಿ ಒಂದು. ಬೇರೆಯವರು ಮಾಡಿದ ಆಘಾತಕ್ಕೆ ಅದರದ್ದೇ ಜಾಗವಿದೆ. ಬಾಬಾಸಾಹೇಬರೂ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ತಳ್ಳಿಹಾಕಿದರು. ಬಡವರ ಸ್ಥಿತಿಗೆ ಸಮಾಜ ಮತ್ತು ಸರ್ಕಾರ ಹೊಣೆ ತಪ್ಪಿಸಿಕೊಳ್ಳಲು ಅದು ನೆಪವಾಗುತ್ತದೆ ಎಂಬುದು ಅವರ ಮಾತಿನ ಸಾರ.

ಈಗ ನಮ್ಮ ಸಮಾಧಾನದ ಮಾತನ್ನು ಮತ್ತೆ ನೋಡಿ. "ಋಣ ತೀರಿತು" ಎಂದಾಗ ಮೋಸಗಾರ ಸಾಲ ಕೊಟ್ಟಿದ್ದವನಾಗುತ್ತಾನೆ, ಮೋಸ ಹೋದವನು ಬಾಕಿದಾರನಾಗುತ್ತಾನೆ. ಸುಳ್ಳು ಬಿಲ್ಲಿಗೆ ನಾವೇ ರಸೀದಿ ಬರೆದುಕೊಟ್ಟಂತೆ. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಹಣ ಹೋದ ಕೂಡಲೇ 1930ಕ್ಕೆ ಫೋನು ಮಾಡಿದರೆ ಅದು ಇನ್ನೊಂದು ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಹಣೆಬರಹ ಎಂದು ಕೂತರೆ ಆ ಸಮಯ ಕಳೆದುಹೋಗುತ್ತದೆ. ಪಕ್ಕದಂಗಡಿಯವರಿಗೂ ವಿಷಯ ಗೊತ್ತಾಗುವುದಿಲ್ಲ, ಮುಂದಿನ ಸರದಿ ಅವರದು.

*ಹಾಗಾದರೆ ಎಲ್ಲರನ್ನೂ ಅನುಮಾನಿಸಬೇಕೆ?*

ಬೇಡ. ಹಳ್ಳಿಯ ವ್ಯಾಪಾರ ನಂಬಿಕೆಯ ಮೇಲೆ ನಿಂತಿದೆ. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿದ ಮೇಲೆ ಕೊಡುತ್ತೇನೆ ಎಂದ ರೈತನಿಗೆ ಅಂಗಡಿಯವರು ಸಾಲ ಬರೆದುಕೊಳ್ಳುವುದು ಅವನ ಮುಖ, ಮನೆ, ಮಾತು ಗೊತ್ತಿರುವುದರಿಂದ. ಗುರುತಿಲ್ಲದ ನಂಬರಿಗೆ ಅದೇ ನಂಬಿಕೆ ಕೊಡಬೇಕಿಲ್ಲ. ಗೃಹಸ್ಥರ ಹಿತ ಯಾವುದು ಎಂದು ಕೇಳಿದ ದೀಘಜಾಣುವಿಗೆ ಬುದ್ಧರು ಆರಕ್ಖ ಸಂಪದಾ, ಅಂದರೆ ನ್ಯಾಯವಾಗಿ ದುಡಿದದ್ದನ್ನು ಕಾಪಾಡಿಕೊಳ್ಳುವುದೂ ಧಮ್ಮವೇ ಎಂದರು. ಪರೀಕ್ಷಿಸಿ ನೋಡುವುದು ಯಾರಿಗೂ ಅವಮಾನವಲ್ಲ.

ನೋಡುವುದು ಕಷ್ಟವೂ ಅಲ್ಲ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಕರ್ನಾಟಕದ್ದಾದರೆ 29ರಿಂದ ಶುರು. ಬಿಲ್ ಕಳಿಸಿದವರ ನಂಬರನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಯಾರದ್ದೆಂದು ಬರುತ್ತದೆ. ಕೇಂದ್ರ ತೆರಿಗೆ ಇಲಾಖೆ ತನ್ನ ಸಮನ್ಸ್, ತಪಾಸಣೆ ಪತ್ರಗಳಿಗೆ 2019ರ ನವೆಂಬರ್ 8ರಿಂದ ಡಿಐಎನ್ ಎಂಬ ಗುರುತು ಸಂಖ್ಯೆ ಹಾಕುತ್ತಿದೆ, ಅದನ್ನೂ ಆನ್‌ಲೈನಿನಲ್ಲಿ ಪರಿಶೀಲಿಸಬಹುದು. ಏಜೆನ್ಸಿಯವರಿಗೆ ಫೋನು ಮಾಡುವಾಗ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ, ಹೊಸ ಮೆಸೇಜಿನಲ್ಲಿರುವುದಕ್ಕಲ್ಲ. ಎಲ್ಲಕ್ಕಿಂತ ಮುಖ್ಯ, ಒಂದು ರಾತ್ರಿ ತಡೆಯಿರಿ. ನಿಜವಾದ ಸಾಲ ನಾಳೆ ಬೆಳಿಗ್ಗೆಯೂ ಸಾಲವಾಗಿಯೇ ಇರುತ್ತದೆ.

ನಿಜವಾದ ಸಾಲವನ್ನು ತೀರಿಸಲೇಬೇಕು, ಅದು ಶೀಲ. ಆದರೆ ಅದರ ವಸೂಲಿಗೂ ಮಿತಿ ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಯವರು ಸಾಲಗಾರರಿಗೆ ಫೋನು ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕಿರುಸಾಲದ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡವನ್ನು ನಿಗದಿ ಮಾಡಲಾಯಿತು.

*ಫೋನಿನ ಆ ಕಡೆ ಇರುವವನು*

ಅವನ ಮೇಲೆ ದ್ವೇಷ ಬೇಡ. ಕೆಲಸದ ಆಸೆ ತೋರಿಸಿ ಕರೆದೊಯ್ದು, ಬಲವಂತವಾಗಿ ಇಂಥ ಮೋಸ ಮಾಡಿಸುತ್ತಿದ್ದ ಮ್ಯಾನ್ಮಾರ್ ಗಡಿಯ ಕೇಂದ್ರಗಳಿಂದ ಬಿಡುಗಡೆಯಾದ ನೂರಾರು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನದಲ್ಲಿ ಕರೆತರಬೇಕಾಯಿತು. ಬೆದರಿಸುವ ದನಿಯ ಹಿಂದೆ ಬೆದರಿದ ಹುಡುಗನೂ ಇರಬಹುದು. ಹಾಗೆಂದು ದೂರು ಕೊಡದೆ ಬಿಡುವುದು ಮೈತ್ರಿಯಲ್ಲ. ಅಕುಶಲ ಕರ್ಮ ಮಾಡುತ್ತಿರುವವನನ್ನು ತಡೆಯುವುದು ಅವನ ಹಿತಕ್ಕೂ ಹೌದು.

*ಇಂದಿನ ಅಭ್ಯಾಸ:* ಪರಿಚಯದ ಅಂಗಡಿಯವರೊಬ್ಬರ ಬಳಿ ಐದು ನಿಮಿಷ ಕೂತು ಇದನ್ನು ಮಾತಾಡಿ, 1930 ನಂಬರನ್ನು ಗಲ್ಲಾಪೆಟ್ಟಿಗೆಯ ಬಳಿ ಬರೆದಿಡಲು ಹೇಳಿ. ಯಾರಾದರೂ ಮೋಸ ಹೋಗಿದ್ದರೆ ಋಣದ ಮಾತು ಆಡಬೇಡಿ. "ನಾಚಿಕೆ ಪಡಬೇಕಾದವರು ನೀವಲ್ಲ, ಬನ್ನಿ, ದೂರು ಕೊಡೋಣ" ಎಂದು ಜೊತೆಗೆ ಹೋಗಿ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🙏