ಆಮೇಲೇನು?

‘ಲೋ ತಮ್ಮ, ನೀನಾದ್ರೂ ಅವನಿಗೆ ಬುದ್ಧಿ ಹೇಳೋ’ ಅಂತ ಹದಡಿಯಿಂದ ಅಕ್ಕನ ಫೋನು. ಅಳಿಯ ಪಿಯುಸಿ ಮುಗಿಸಿದ್ದಾನೆ. ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಸೀಟು ಸಿಗುವಷ್ಟು ಮಾರ್ಕ್ಸ್ ಇದೆ. ಅವನಿಗೆ ಬೇಕಿರೋದು ಮಾತ್ರ ಬ್ಯಾಲೆ. ಮುಂಬೈನ ಇಬ್ಬರು ಬಡ ಹುಡುಗರ ನಿಜ ಬದುಕಿನಿಂದ ಹುಟ್ಟಿದ ‘ಯೇ ಬ್ಯಾಲೆ’ ಸಿನಿಮಾ 2020ರಲ್ಲಿ ಬಂತಲ್ಲ, ಅದನ್ನ ನೋಡಿದಾಗಿನಿಂದ ಹಿಡಿದ ಹುಚ್ಚು.

ನಾನು ಲೆಕ್ಕ ಒಪ್ಪಿಸಿದೆ. ಹೊರದೇಶದಲ್ಲಿ ಎಂಟು-ಹತ್ತು ವರ್ಷಕ್ಕೇ ಕಲಿಯೋಕೆ ಹಾಕ್ತಾರೆ. 18ರ ಹೊತ್ತಿಗೆ ಅವರು ಯಾವುದೋ ಕಂಪನಿ ಸೇರಿರ್ತಾರೆ, ನೀನು ಆಗ ಶುರು ಮಾಡ್ತೀಯ. ಮಂಡಿ, ಪಾದ, ಸೊಂಟ ಸವೆದು 40ರೊಳಗೆ ಎಲ್ಲ ಮುಗಿಯುತ್ತೆ. ‘ಆಮೇಲೇನೋ?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಮಾವ, ಕ್ರಿಕೆಟ್ ಆಡ್ತೀನಿ ಅಂದಿದ್ರೆ ಇದನ್ನೇ ಕೇಳ್ತಿದ್ರಾ?’

ಕೇಳ್ತಿರಲಿಲ್ಲ. ಬ್ಯಾಟು ಕೊಡಿಸ್ತಿದ್ದೆ. ನಮ್ಮ ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ಕರ್ನಾಟಕಕ್ಕೆ ಸಾಲಾಗಿ ಎರಡು ರಣಜಿ ಟ್ರೋಫಿ ತಂದುಕೊಟ್ಟ ನಾಯಕ. 2021ರಲ್ಲಿ, 37ಕ್ಕೆ ನಿವೃತ್ತರಾದರು. ‘ಅಯ್ಯೋ, ಇಷ್ಟು ಬೇಗ ಮುಗಿಯೋ ಕೆಲಸಕ್ಕೆ ಯಾಕೆ ಹೋದ್ರು?’ ಅಂತ ನಮ್ಮ ಕಡೆ ಯಾರೂ ಮರುಗಿದ್ದು ನಾನು ಕೇಳಿಲ್ಲ.

ಅಂದರೆ ನನ್ನ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇದ್ದವು. ಹೊಟ್ಟೆಪಾಡಿಗೆ ಏನು ಮಾಡ್ತೀಯ ಅನ್ನೋದು ಒಂದು, ಅದು ನ್ಯಾಯವಾದದ್ದೇ. ಗಂಡು ಹುಡುಗನಿಗೆ ಇದೆಲ್ಲ ಯಾಕೆ ಅನ್ನೋದು ಇನ್ನೊಂದು. ಎರಡನೆಯದನ್ನ ಬಾಯಿಬಿಟ್ಟು ಕೇಳೋಕೆ ನಾಚಿಕೆ, ಅದಕ್ಕೇ ಅದಕ್ಕೆ ಮೊದಲನೆಯದರ ಅಂಗಿ ತೊಡಿಸಿದ್ದೆ.

ಹಾಗಂತ ಗಂಡಸರ ಕುಣಿತ ನಮಗೆ ಹೊಸದಾ? ಜಾತ್ರೆಯಲ್ಲಿ ವೀರಗಾಸೆಯವರು ಕತ್ತಿ ಹಿಡಿದು ಬಂದರೆ ಕೈಮುಗಿದು ದಾರಿ ಬಿಡ್ತೀವಿ. ಆದರೆ ಹಾಗೆ ಕುಣಿದವನು ಮಾರನೇ ದಿನ ಗದ್ದೆಗೆ ಹೋಗಬೇಕು. ಕುಣಿತವೇ ನನ್ನ ಕಸುಬು ಅಂತ ಮನೆಮಗ ಅಂದರೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತೆ.

ಬೆಂಗಳೂರಲ್ಲಿ ಹುಟ್ಟಿದ ರಾಮ್ ಗೋಪಾಲ್ ಭರತನಾಟ್ಯ, ಕಥಕ್ಕಳಿ ಕಲಿತು ಜಗತ್ತು ಸುತ್ತಿದರು. 1960ರಲ್ಲಿ ಬ್ಯಾಲೆಯ ಮಹಾನ್ ತಾರೆ ಅಲಿಸಿಯಾ ಮಾರ್ಕೊವಾ ಜೊತೆ ರಾಧಾ-ಕೃಷ್ಣರ ನೃತ್ಯ ಮಾಡಿದರು. 2003ರಲ್ಲಿ ತೀರಿಕೊಂಡದ್ದು ಲಂಡನ್ನಿನಲ್ಲಿ. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಆದರೂ ಮೊದಲನೇ ಪ್ರಶ್ನೆ ಸುಳ್ಳಾಗಲ್ಲ. ಕ್ರಿಕೆಟ್‌ಗಿರೋ ದುಡ್ಡು ಇದಕ್ಕಿಲ್ಲ. ಒಂದು ಸಲ ಕಾಲು ತಿರುಚಿದರೆ ವರ್ಷವೇ ಹೋಗಬಹುದು. ಪ್ಯಾರಿಸ್ ಒಪೆರಾದ ನರ್ತಕರು 42ಕ್ಕೆ ನಿವೃತ್ತರಾಗ್ತಾರೆ, ಅವರಿಗೆ ಪಿಂಚಣಿ ಇದೆ. ದೇಹ ಬೇಗ ದಣಿಯೋದು ಅಲ್ಲಿಯೂ ಅಷ್ಟೇ. ಆದರೆ ‘ಆಮೇಲೇನು?’ ಅನ್ನೋದನ್ನ ಅಲ್ಲಿ ಕುಣಿಯೋನ ತಲೆ ಮೇಲೊಬ್ಬನ ಮೇಲೇ ಹೊರಿಸಿಲ್ಲ, ಉಳಿದವರೂ ಹೊತ್ತಿದ್ದಾರೆ.

ನನಗೆ ಹೊಳೆದದ್ದು ಇಷ್ಟು: ಕಾಳಜಿ ನಿಜವಾಗಿದ್ದರೆ ಅದಕ್ಕೊಂದು ಖರ್ಚಿರುತ್ತೆ. ಬರೀ ಬಾಯಲ್ಲಿ ‘ಆಮೇಲೇನು’ ಅಂತ ಕೇಳಿ ಕೈತೊಳೆದುಕೊಂಡರೆ ಅದು ಕಾಳಜಿ ಅಲ್ಲ, ಬೇಲಿ.

ಮತ್ತೆ ಫೋನ್ ಮಾಡಿದೆ. ಡಿಗ್ರೀನ ಅಂಚೆ ಶಿಕ್ಷಣದಲ್ಲಾದ್ರೂ ಮುಗಿಸು. ಮೂರು ವರ್ಷ ನನ್ನ ರೂಮಲ್ಲಿರು, ಫೀಸಿನಲ್ಲಿ ಅರ್ಧ ನಂದು, ಇನ್ಶೂರೆನ್ಸ್ ಪೂರ್ತಿ ನಂದು. ಆಮೇಲೆ ಆಗಲಿಲ್ಲ ಅಂದರೆ ‘ನಾನವತ್ತೇ ಹೇಳಿದ್ದೆ’ ಅನ್ನಲ್ಲ ಅಂತ ಮಾತು ಕೊಟ್ಟೆ. ನನಗೆ ಇದರಲ್ಲಿ ಕಷ್ಟದ್ದು ಆ ಕೊನೇ ಮಾತೇ.

ಅಕ್ಕ ಎಲ್ಲ ಕೇಳಿಸಿಕೊಂಡು ಕಡೆಗೆ ಅಂದಳು: ‘ಊರಲ್ಲಿ ಮಗ ಏನ್ ಮಾಡ್ತಾನೆ ಅಂತ ಕೇಳಿದ್ರೆ ಏನ್ ಹೇಳ್ಲೋ?’

ಎರಡನೇ ಪ್ರಶ್ನೆ ಕೊನೆಗೂ ಅಂಗಿ ಬಿಚ್ಚಿ ಎದುರಿಗೆ ನಿಂತಿತ್ತು.

‘ಕುಣೀತಾನೆ ಅಂತ ಹೇಳಕ್ಕಾ’ ಅಂದೆ.