ಕೇಳುವವರ ಋಣ

ಸಂಗೀತದ ಸಭಾಂಗಣ ಯಾರದು? ಕಟ್ಟಿಸಿದ ಅರಸನದೇ, ಹಾಡಿದ ಕಲಾವಿದನದೇ, ಕೇಳಿದ ನಮ್ಮದೇ? ಹಳೆಯ ಸಭಾಂಗಣವನ್ನು ನೋಡಲು ಹೋದಾಗ ಅದರ ಕಂಬಗಳನ್ನು, ಕೆತ್ತನೆಯನ್ನು ಮೆಚ್ಚುತ್ತೇವೆ. ಈ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ.

ಗಂಡಸಿ, ಅರಸೀಕೆರೆಯ ಕಡೆಯ ನಮಗೆ ಬಯಲೇ ಸಭಾಂಗಣ. ಹರಿಕಥೆ ಗುಡಿಯ ಮುಂದೆ, ನಾಟಕ ಊರ ಬಯಲಲ್ಲಿ, ಬಾಬಯ್ಯನ ಹಬ್ಬದ ತಮಟೆ ಬೀದಿಯಲ್ಲಿ. ಅಲ್ಲಿಗೆ ಟಿಕೆಟಿಲ್ಲ, ಬಾಗಿಲಿಲ್ಲ. ಆದರೂ ತಮಟೆ ಇಲ್ಲದೆ ನಡೆಯದ ಹಬ್ಬದಲ್ಲಿ ತಮಟೆ ಬಡಿಯುವವನು ದೂರವೇ ನಿಲ್ಲಬೇಕಿತ್ತು. ಅವನ ನಾದ ಬೇಕು, ಅವನು ಬೇಡ.

ಅರಸೀಕೆರೆಯಿಂದ ರೈಲು ಹಿಡಿದು ಮೈಸೂರಿಗೆ ಹೋದರೆ ಅಲ್ಲಿ ಜಗನ್ಮೋಹನ ಅರಮನೆ ಇದೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದು ಇಲ್ಲಿಯೇ. ಮುಂದೆ ಇದು ಚಿತ್ರಶಾಲೆಯಾಯಿತು; ಇಲ್ಲಿನ ಸಭಾಂಗಣದಲ್ಲಿ ಸಂಗೀತ, ನೃತ್ಯ, ನಾಟಕಗಳು ನಡೆಯುತ್ತ ಬಂದವು.

ಮೈಸೂರಿನ ಆಸ್ಥಾನ ವೀಣೆ ಶೇಷಣ್ಣನವರಂಥ ವಿದ್ವಾಂಸರನ್ನು ಸಾಕಿದಂತೆಯೇ ಆಗ್ರಾ ಘರಾಣೆಯ ನತ್ಥನ್ ಖಾನರಿಗೂ ಆಶ್ರಯ ಕೊಟ್ಟಿತು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರನ್ನು ಕರೆಸಿ ಗೌರವಿಸಿತು. ಖಾನ್ ಸಾಹೇಬರು ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಧಾರವಾಡದಲ್ಲಿ ತಂಗುತ್ತಿದ್ದರು. ಆ ನಂಟಿನಿಂದಲೇ ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಕಲಿತರು, ಭೀಮಸೇನ ಜೋಶಿ ಕಲಿತರು. ಇಂದು ಕನ್ನಡದ ಹೆಮ್ಮೆ ಎನ್ನುವ ಆ ದನಿಗಳ ಹಿಂದೆ ದೂರದ ಕೈರಾನಾದಿಂದ ಬಂದ ಒಬ್ಬ ಮುಸಲ್ಮಾನ ಗುರುವಿದ್ದಾನೆ.

ಇಷ್ಟೆಲ್ಲ ನಾವು ಬಲ್ಲೆವು, ವೇದಿಕೆಯ ಮೇಲೆ ಹೇಳಿ ಚಪ್ಪಾಳೆಯನ್ನೂ ಪಡೆಯುತ್ತೇವೆ. ಆದರೆ ಸಭೆ ಮುಗಿದ ಮೇಲೆ? ಖಾನ್ ಸಾಹೇಬರ ಠುಮ್ರಿಗೆ ಕಣ್ಣೀರಿಡುವವರೇ ಬಾಡಿಗೆಗೆ ಮನೆ ಕೇಳಿ ಬಂದವನ ಹೆಸರು ಕೇಳಿ 'ಮನೆ ಖಾಲಿಯಿಲ್ಲ' ಎನ್ನುವುದುಂಟು. ಇತ್ತ ಮುಸಲ್ಮಾನರಲ್ಲಿಯೂ ಸಂಗೀತ ಸಲ್ಲದೆನ್ನುವವರಿದ್ದಾರೆ. ಅದು ಅವರವರ ನಂಬಿಕೆ, ಗೌರವಿಸೋಣ. ಆದರೆ ಆ ಕಾರಣಕ್ಕೆ ಉಸ್ತಾದರ ಬದುಕನ್ನೇ ಮರೆತರೆ ನಮ್ಮದೇ ಚರಿತ್ರೆಯ ಒಂದು ಪುಟ ಕಳೆದುಹೋಗುತ್ತದೆ.

ಅರಸ ಕೊಟ್ಟದ್ದು ಆಶ್ರಯ. ಆಶ್ರಯ ದೊಡ್ಡದು, ನಿಜ. ಆದರೆ ಅದು ಅರಸನ ಮರ್ಜಿಗೆ ಒಳಪಟ್ಟದ್ದು. ಪ್ರಜಾಪ್ರಭುತ್ವದಲ್ಲಿ ಅರಸನಿಲ್ಲ, ಕೇಳುವ ನಾವೇ ಇದ್ದೇವೆ. ಕಲೆಯನ್ನು ಒಳಗೆ ಕರೆದು ಕಲಾವಿದನ ಜನರನ್ನು ಹೊರಗೆ ನಿಲ್ಲಿಸಿದರೆ, ಊರ ಹಬ್ಬದಲ್ಲಿ ತಮಟೆಯವನಿಗೆ ಮಾಡಿದ್ದನ್ನೇ ನಗರದಲ್ಲಿ ನಯವಾಗಿ ಮಾಡಿದಂತೆ. ಕೇಳಿದ್ದರ ಋಣ ಚಪ್ಪಾಳೆಯಿಂದ ತೀರುವುದಿಲ್ಲ. ಹಾಡಿದವನ ಜೊತೆ, ಅವನ ಮಕ್ಕಳ ಜೊತೆ, ನೆರೆಹೊರೆಯಾಗಿ ಬಾಳುವುದರಿಂದ ಮಾತ್ರ ತೀರುತ್ತದೆ.